ಟೆರೇಸಿನ ಕಬ್ಬಿಣದ ಮೆಟ್ಟಿಲು: ನೀರ್ಚಾಲು ಕಡೆಯ ವೆಲ್ಡಿಂಗ್ ಶೆಡ್‌ನವರ ಕೆಲಸ, ಒಂದು ವರ್ಷ ಬಳಸಿದ ಮೇಲೆ

ಮನೆಯ ಬದಿಯಲ್ಲಿ ಟೆರೇಸಿಗೆ ಹತ್ತುವ ಕಬ್ಬಿಣದ ಮೆಟ್ಟಿಲನ್ನು ಕಳೆದ ವರ್ಷ ಮಾರ್ಚಿನಲ್ಲಿ ಹೊಸದಾಗಿ ಮಾಡಿಸಿದೆವು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕುಂಬಳೆಗೆ ಹೋಗುವ ರಸ್ತೆಯಲ್ಲಿ, ನೀರ್ಚಾಲು ದಾಟಿದ ಮೇಲೆ, ಬೋರ್ಡ್ ಇಲ್ಲದ ಒಂದು ವೆಲ್ಡಿಂಗ್ ಶೆಡ್ ಇದೆ. ಅಲ್ಲಿಯ ಮೇಸ್ತ್ರಿಯ ಕೆಲಸ. ಹೊಸದರಲ್ಲಿ ಎಲ್ಲವೂ ಚೆಂದವೇ ಕಾಣುತ್ತದೆ. ಅದಕ್ಕೇ ಒಂದು ಹಪ್ಪಳದ ಸಮಯ, ಒಂದು ಇಡೀ ಮಳೆಗಾಲ, ಒಂದು ಅಡಿಕೆ ಕೊಯ್ಲು ಕಳೆಯಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ಮೊದಲೇ ಹೇಳುತ್ತೇನೆ, ನಮಗೆ ತುಂಬ ತೃಪ್ತಿ ಆಗಿದೆ. ವೆಲ್ಡಿಂಗ್ ಚೆನ್ನಾಗಿ ಮಾಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಇವರಲ್ಲಿ ನನಗೆ ಇಷ್ಟವಾದದ್ದು ಕಬ್ಬಿಣಕ್ಕೆ ಗ್ರೈಂಡರ್ ಇಡುವ ಮೊದಲು ಹಾಕಿದ ಲೆಕ್ಕ. ಆ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಮ್ಮ ಊರಿನಲ್ಲಿ ಟೆರೇಸ್ ಇರುವ ಪ್ರತಿ ಮನೆಗೂ ಇಂಥ ಒಂದು ಮೆಟ್ಟಿಲು ಇದೆ, ಮತ್ತು ನಾನು ನೋಡಿದ ಹೆಚ್ಚಿನವು ಹತ್ತಲು ಕಷ್ಟ, ಇಳಿಯಲು ಭಯ.

ನಮ್ಮ ಕಡೆ ಟೆರೇಸ್ ಅಂದರೆ ಸಂಜೆ ಗಾಳಿಗೆ ಕೂರುವ ಜಾಗ ಅಲ್ಲ, ಅಲ್ವಾ? ಮೇಲೆ ಶೀಟಿನ ಮಾಡು, ಅದರ ಕೆಳಗೆ ಅಡಿಕೆ, ತೆಂಗಿನಕಾಯಿ, ಸೌದೆ, ಹಳೆ ಮಂಚ. ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನ ಹಪ್ಪಳ, ಸಂಡಿಗೆ, ಮಾಂಬಳ. ದಿನಕ್ಕೆ ಆರೇಳು ಸಲ ಹತ್ತಿ ಇಳಿಯುವುದು, ಅದೂ ಬರಿಗೈಯಲ್ಲಿ ಅಲ್ಲ. ಕೈಯಲ್ಲಿ ತಟ್ಟೆ, ಸೊಂಟದಲ್ಲಿ ಬುಟ್ಟಿ, ಗಂಡಸರ ತಲೆಯ ಮೇಲೆ ಗೋಣಿ. ಹೊರೆ ಹೊತ್ತವರಿಗೆ ಕಾಲ ಬುಡ ಕಾಣುವುದಿಲ್ಲ. ಮೆಟ್ಟಿಲು ಎಲ್ಲಿದೆ ಅಂತ ಕಣ್ಣು ಹೇಳುವುದಿಲ್ಲ, ಕಾಲೇ ಅಂದಾಜಿನಲ್ಲಿ ಹುಡುಕಬೇಕು.

ಹಳೆಯ ಮೆಟ್ಟಿಲಿನ ಕಥೆ ಹೇಳದಿದ್ದರೆ ಹೊಸದರ ಬೆಲೆ ಗೊತ್ತಾಗುವುದಿಲ್ಲ. ಅದನ್ನು ಮಾಡಿದವರು ಬೇರೆಯವರು, ಅವರ ಹೆಸರು ಬೇಡ. ಮನೆ ಕಟ್ಟಿ ಮುಗಿಯುವ ಹೊತ್ತಿಗೆ ಕೈಯಲ್ಲಿ ದುಡ್ಡು ಇರಲಿಲ್ಲ, ಬೇಗ ಆಗಬೇಕಿತ್ತು, ಜಾಗ ಉಳಿಯಬೇಕಿತ್ತು. ಎರಡು ದಿನದಲ್ಲಿ ತಂದು ನಿಲ್ಲಿಸಿದರು. 16 ಏರು (ಏರು ಅಂದರೆ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹತ್ತುವ ಎತ್ತರ). ಒಂದೊಂದು ಏರು ಸುಮಾರು 227 ಮಿ.ಮೀ., ಅಂದರೆ ಹತ್ತಿರ ಹತ್ತಿರ 9 ಇಂಚು. ಪಾದ ಇಡುವ ಜಾಗ 210 ಮಿ.ಮೀ., 8 ಕಾಲು ಇಂಚು. ದೊಡ್ಡವರ ಪಾದ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಹತ್ತುವಾಗ ಮುಂಗಾಲಿನಲ್ಲಿ ಹೋಗಬಹುದು, ಇಳಿಯುವಾಗ ಪಾದವನ್ನು ಅಡ್ಡ ತಿರುಗಿಸಿ ಏಡಿಯ ಹಾಗೆ ಇಳಿಯಬೇಕು. ವರ್ಷಗಟ್ಟಲೆ ಹಾಗೆಯೇ ಇಳಿದೆವು. ಅದು ಮೆಟ್ಟಿಲಿನ ತಪ್ಪು ಅಂತ ಯಾರಿಗೂ ಅನಿಸಲಿಲ್ಲ, ಕಬ್ಬಿಣದ ಮೆಟ್ಟಿಲು ಅಂದರೆ ಹೀಗೇ ಇರುವುದು ಅಂದುಕೊಂಡಿದ್ದೆವು.

ಆಮೇಲೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ಜಲ್ಲಿಪುಡಿಯ ಹಾಸು, ಅದರ ಮೇಲೆ ಕಲ್ಲು, ಒಟ್ಟು 95 ಮಿ.ಮೀ. ಅಂಗಳ ಏರಿತು. ಅದೇ ವರ್ಷ ಟೆರೇಸ್ ಸೋರುತ್ತದೆ ಅಂತ ಮೇಲೆ ಗಾರೆ ಎಳೆಸಿದೆವು, ಅಲ್ಲಿ 45 ಮಿ.ಮೀ. ಏರಿತು. ಮೆಟ್ಟಿಲು ಮಾತ್ರ ಇದ್ದಲ್ಲೇ ಇತ್ತು. ಅಂದರೆ ಕೆಳಗಿನ ಮೊದಲ ಏರು 132ಕ್ಕೆ ಇಳಿಯಿತು, ಮೇಲಿನ ಕೊನೆಯ ಏರು 272ಕ್ಕೆ ಏರಿತು, ನಡುವಿನವು ಎಲ್ಲ 227. ಯಾರೂ ಟೇಪ್ ಹಿಡಿದು ನೋಡಲಿಲ್ಲ. ಕಣ್ಣಿಗೆ ಅದು ಕಾಣುವುದೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಅತ್ತೆ ಹಪ್ಪಳದ ತಟ್ಟೆ ಹಿಡಿದು ಇಳಿಯುತ್ತಿದ್ದರು. ಮೇಲಿನ ದೊಡ್ಡ ಏರು ದಾಟಿ 14 ಮೆಟ್ಟಿಲು ಒಂದೇ ಲಯದಲ್ಲಿ ಇಳಿದಿದ್ದಾರೆ, ಕೊನೆಯದಕ್ಕೂ ಕಾಲು ಅಷ್ಟೇ ಆಳ ಲೆಕ್ಕ ಹಾಕಿದೆ, ಆದರೆ ಕಾಲು ಪೂರ್ತಿ ಇಳಿಯುವ ಮೊದಲೇ ನೆಲ ಬಂತು. ಮೊಣಕಾಲು ಮಡಚಿ ಮುಂದಕ್ಕೆ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ಅವರು ಬಿದ್ದಲ್ಲಿಂದಲೇ ಹೇಳಿದ ಮಾತು, "ನನಗೆ ಪ್ರಾಯ ಆಯಿತು." ನಾವೂ ಹೌದು ಎಂದೆವು. ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಅವರ ಪ್ರಾಯಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. 95 ಮಿ.ಮೀ. ವ್ಯತ್ಯಾಸ ಯಾರನ್ನಾದರೂ ಬೀಳಿಸುತ್ತದೆ.

ಈ ಮೇಸ್ತ್ರಿಯನ್ನು ಕರೆಸಿದ್ದು ಆಮೇಲೆ, ಸುಮ್ನೆ ಕೈಹಿಡಿ ಗಟ್ಟಿ ಮಾಡಿಸಲು. ಅವರು ಗಲ್ಫ್‌ನಲ್ಲಿ ಬಹಳ ವರ್ಷ ಕಬ್ಬಿಣದ ಕೆಲಸ ಮಾಡಿ ಬಂದವರು, ಮಾತು ಅರ್ಧ ಮಲಯಾಳ, ಅರ್ಧ ತುಳು, ನಮ್ಮಲ್ಲಿ ಕನ್ನಡ. ಮೆಟ್ಟಿಲಿಗೆ "ಪಡಿ" ಅನ್ನುತ್ತಾರೆ. ಬಂದವರು ಕೈಹಿಡಿಯನ್ನು ಮುಟ್ಟಲೂ ಇಲ್ಲ. ಕೆಳಗಿಂದ ಮೇಲೆ ಒಂದು ಸಲ ಹತ್ತಿದರು, ಇಳಿದರು, ಟೇಪ್ ತೆಗೆದು ಪ್ರತಿ ಏರನ್ನೂ ಅಳೆದು ಸೀಮೆಸುಣ್ಣದಲ್ಲಿ ಅಲ್ಲಲ್ಲೇ ಬರೆದರು. 132, 227, 228, 226, ಹೀಗೆ. ಮೇಲೆ 272. "ಅಕ್ಕ, ಇದಕ್ಕೆ ಕೈಹಿಡಿ ಗಟ್ಟಿ ಮಾಡಿ ಪ್ರಯೋಜನ ಇಲ್ಲ, ಪಡಿಯೇ ಸರಿ ಇಲ್ಲ" ಎಂದರು. ಕೈಹಿಡಿ ಮಾಡಿ ದುಡ್ಡು ತೆಗೆದುಕೊಂಡು ಹೋಗಬಹುದಿತ್ತು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ನಿಮಿಷದಲ್ಲಿ.

ಹೊಸದನ್ನು ಮಾಡುವುದು ಅಂತ ತೀರ್ಮಾನ ಆದ ಮೇಲೆ ಅವರ ಮೊದಲ ಪ್ರಶ್ನೆ, "ಇನ್ನು ಮೇಲೆ ನೆಲ ಏರಿಸುವುದು ಏನಾದರೂ ಉಂಟಾ? ಮೇಲೆ ಟೈಲ್ಸ್ ಹಾಕುವ ಆಲೋಚನೆ ಉಂಟಾ?" ಇಲ್ಲ ಎಂದೆವು. ಮೂರು ಸಲ ಕೇಳಿದರು. ಅವರ ಪ್ರಕಾರ ಒಟ್ಟು ಎತ್ತರ ಎಂದರೆ ಮುಗಿದ ನೆಲದಿಂದ ಮುಗಿದ ನೆಲಕ್ಕೆ. ಕಾಂಕ್ರೀಟಿನಿಂದ ಕಾಂಕ್ರೀಟಿಗೆ ಅಳೆದರೆ ಆಮೇಲೆ ಬರುವ ಟೈಲ್ಸ್, ಗಾರೆ ಎಲ್ಲ ಮೊದಲ ಮತ್ತು ಕೊನೆಯ ಮೆಟ್ಟಿಲಿನ ತಲೆ ಮೇಲೆ ಬೀಳುತ್ತದೆ. ಮನೆ ಕಟ್ಟುತ್ತಿರುವವರು ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ. ಮುಂದೆ ಹಾಕುವ ಟೈಲ್ಸ್ ದಪ್ಪ ಎಷ್ಟು, ಅದರ ಕೆಳಗಿನ ಗಾರೆ ಎಷ್ಟು ಅಂತ ಈಗಲೇ ತೀರ್ಮಾನಿಸಿ ಮೆಟ್ಟಿಲು ಮಾಡುವವರಿಗೆ ಹೇಳಿ.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಟೆರೇಸಿನ ಅಂಚಿನಿಂದ ನೇರ ಕೆಳಗೆ ಟೇಪ್ ಬಿಟ್ಟರೆ 3,550 ಮಿ.ಮೀ. ಬಂತು. ಆದರೆ ಮೆಟ್ಟಿಲು ಶುರುವಾಗುವುದು ಅಲ್ಲಿ ಅಲ್ಲ, ಸುಮಾರು 19 ಅಡಿ ಆಚೆ. ಮಳೆನೀರು ಹೋಗಲಿ ಅಂತ ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತೇವೆ, ಅಲ್ವಾ? ಅವರು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಲೆವೆಲ್ ಹಿಡಿದು, ಮೊದಲ ಮೆಟ್ಟಿಲು ನಿಲ್ಲುವ ಜಾಗದಲ್ಲೇ ಎತ್ತರ ನೋಡಿದರು. ಅಲ್ಲಿ 3,590. 40 ಮಿ.ಮೀ. ಜಾಸ್ತಿ. ನೇರ ಕೆಳಗೆ ಅಳೆದು ಬಿಟ್ಟಿದ್ದರೆ ಮೊದಲ ಏರು ಮತ್ತೆ ಬೇರೆಯೇ ಆಗುತ್ತಿತ್ತು, ಹೊಸ ದುಡ್ಡು ಕೊಟ್ಟು ಹಳೆ ತಪ್ಪು ಮಾಡಿಸಿದ ಹಾಗೆ.

ಆಮೇಲಿನದು ಶಾಲೆಯ ಭಾಗಾಕಾರ. 3,590ನ್ನು 19ರಿಂದ ಭಾಗಿಸಿದರೆ ಸುಮಾರು 189 ಬರುತ್ತದೆ, 20ರಿಂದ 179.5, 21ರಿಂದ 171. ಏರು ಎಷ್ಟು ಬೇಕು ಅಂತ ಮೊದಲೇ ಹಟ ಹಿಡಿದು, ಏಳು ಇಂಚು ಏಳು ಇಂಚು ಅಂತ ಕೆಳಗಿಂದ ಇಟ್ಟುಕೊಂಡು ಹೋಗಿ, ಮೇಲೆ ಉಳಿದದ್ದನ್ನು ಕೊನೆಯ ಮೆಟ್ಟಿಲಿಗೆ ತಳ್ಳುವುದು ನಮ್ಮ ಕಡೆ ನಡೆಯುವ ಕ್ರಮ. ಹಾಗಲ್ಲ. ಒಟ್ಟು ಎತ್ತರವನ್ನು ಇಡೀ ಸಂಖ್ಯೆಯಿಂದ ಭಾಗಿಸಬೇಕು, ಬಂದದ್ದೇ ಏರು, ಅದು ಇಂಚಿನ ಲೆಕ್ಕಕ್ಕೆ ಸರಿಯಾಗಿ ಕೂರದಿದ್ದರೂ ಪರವಾಗಿಲ್ಲ. ಅವರು ಇಂಚು, ನೂಲು (ಇಂಚಿನ ಎಂಟನೆಯ ಒಂದು ಭಾಗ) ಬಿಟ್ಟು ಮಿ.ಮೀ.ನಲ್ಲೇ ಲೆಕ್ಕ ಹಾಕುವುದು ಇದಕ್ಕೇ. 20 ಏರು, ಒಂದೊಂದು 179.5.

ಪಾದ ಇಡುವ ಜಾಗಕ್ಕೆ ಅವರದ್ದು ಒಂದು ಸೂತ್ರ. ಎರಡು ಏರು, ಒಂದು ಮುಂಜಾಗ, ಮೂರನ್ನೂ ಕೂಡಿಸಿದರೆ 600ರಿಂದ 640 ಮಿ.ಮೀ. ಒಳಗೆ ಬರಬೇಕು. (ಪಾದ ಇಡುವ ಜಾಗವನ್ನೇ ನಾನು ಮುಂಜಾಗ ಅಂತ ಬರೆಯುತ್ತಿರುವುದು, ಅವರು ಟ್ರೆಡ್ ಅನ್ನುತ್ತಾರೆ.) ಇದು ಅವರ ಸ್ವಂತ ಸೂತ್ರ ಅಂದುಕೊಂಡಿದ್ದೆ. ಸಿವಿಲ್ ಓದುತ್ತಿರುವ ನನ್ನ ಅಣ್ಣನ ಮಗಳು ಹೇಳಿದಳು, ಇದು 17ನೇ ಶತಮಾನದ ಫ್ರಾನ್ಸಿನ ಫ್ರಾಂಸ್ವಾ ಬ್ಲೊಂಡೆಲ್ ಎಂಬ ವಾಸ್ತುಶಿಲ್ಪಿ ಕೊಟ್ಟದ್ದು. ಮನುಷ್ಯ ಸಮನೆಲದಲ್ಲಿ ಇಡುವ ಒಂದು ಹೆಜ್ಜೆಯ ಉದ್ದವೇ ಅದಕ್ಕೆ ಆಧಾರ. ಒಂದು ಇಂಚು ಮೇಲೆ ಹತ್ತಿದರೆ ಮುಂದಕ್ಕೆ ಎರಡು ಇಂಚು ಕಡಿಮೆ ಮಾಡಬೇಕು, ಆಗ ದಣಿವು ಸಮ ಆಗುತ್ತದೆ ಅಂತ. ನಮ್ಮ ಮೆಟ್ಟಿಲಿಗೆ 179.5 ಮತ್ತು 179.5 ಕೂಡಿದರೆ 359, ಅದಕ್ಕೆ 270 ಸೇರಿಸಿದರೆ 629. ಸರಿ ಹೊಂದಿತು. ಹಳೆಯದಕ್ಕೆ ಇದೇ ಲೆಕ್ಕ ಹಾಕಿದರೆ 227 ಎರಡು ಸಲ, 210 ಒಂದು ಸಲ, ಒಟ್ಟು 664.

ಸೂತ್ರ ಒಂದೇ ಸಾಲದು. ಕಡಿದಾದ ಏಣಿಯನ್ನೂ ಈ ಸೂತ್ರದೊಳಗೆ ಕೂರಿಸಬಹುದು. ಉದಾಹರಣೆಗೆ 210 ಏರು, 210 ಮುಂಜಾಗ, ಒಟ್ಟು 630, ಸೂತ್ರಕ್ಕೆ ಸರಿ, ಕಾಲಿಗೆ ಸರಿ ಇಲ್ಲ. ಅದಕ್ಕೆ ಬೇರೆ ಮಿತಿಗಳೂ ಬೇಕು. ನಮ್ಮ ದೇಶದ ನ್ಯಾಷನಲ್ ಬಿಲ್ಡಿಂಗ್ ಕೋಡ್ ವಾಸದ ಮನೆಗೆ ಏರು 190 ಮಿ.ಮೀ. ದಾಟಬಾರದು, ಮುಂಜಾಗ 250ಕ್ಕಿಂತ ಕಡಿಮೆ ಆಗಬಾರದು ಅನ್ನುತ್ತದೆ. ಇಂಗ್ಲೆಂಡಿನಲ್ಲಿ ಮನೆಯೊಳಗಿನ ಮೆಟ್ಟಿಲಿಗೆ ಸ್ವಲ್ಪ ಸಡಿಲ, ಏರು 220ರ ತನಕ, ಮುಂಜಾಗ 220ರಿಂದ ಮೇಲೆ, ಆದರೆ ಓರೆ 42 ಡಿಗ್ರಿ ಮೀರಬಾರದು. ಅಷ್ಟು ಸಡಿಲದಲ್ಲೂ ನಮ್ಮ ಹಳೆಯದು ಪಾಸಾಗುತ್ತಿರಲಿಲ್ಲ, ಅದರ ಓರೆ 47 ಡಿಗ್ರಿ. ಹೊಸದು ಸುಮಾರು 33 ಮುಕ್ಕಾಲು ಡಿಗ್ರಿಯ ಒಳಗೆ ಇದೆ.

ಇಲ್ಲಿ ಮನೆಯಲ್ಲಿ ಸ್ವಲ್ಪ ಮಾತು ಬೆಳೆಯಿತು. ಯಜಮಾನರಿಗೆ ಬದಿಯಲ್ಲಿ ಕಾರು ನಿಲ್ಲಿಸುವ ಜಾಗ ಉಳಿಯಬೇಕು. 20 ಏರಿಗೆ 19 ಮೆಟ್ಟಿಲು ಸಾಕು, ಯಾಕೆಂದರೆ ಕೊನೆಯ ಏರು ಹತ್ತಿದರೆ ಸಿಗುವುದು ಟೆರೇಸೇ. 19ನ್ನು 270ರಿಂದ ಗುಣಿಸಿದರೆ 5,130, ಅಂದರೆ 16 ಅಡಿ 10 ಇಂಚು. ಹಳೆಯದು 10 ಅಡಿ ಚಿಲ್ಲರೆಯಲ್ಲಿ ಮುಗಿದಿತ್ತು. ಅದರ ಮೇಲೆ ಮೇಸ್ತ್ರಿ ನಡುವಿನಲ್ಲಿ ಒಂದು ನಿಲ್ಲುವ ಕಟ್ಟೆ ಬೇಕೇ ಬೇಕು ಎಂದರು. ಒಂದೇ ಓಟಕ್ಕೆ 20 ಏರು ಅಂದರೆ ಹೊರೆ ಹೊತ್ತವನಿಗೆ ಉಸಿರು ಬಿಡಲು ಜಾಗ ಇಲ್ಲ, ಮೇಲಿಂದ ಜಾರಿದವನು ಕೆಳಗಿನವರೆಗೂ ಬರುತ್ತಾನೆ. ಆದ್ದರಿಂದ 10 ಏರು, 900 ಮಿ.ಮೀ. ಕಟ್ಟೆ, ಮತ್ತೆ 10 ಏರು, ತಿರುವು ಇಲ್ಲದೆ ನೇರ. 18 ಮೆಟ್ಟಿಲಿಗೆ 4,860, ಕಟ್ಟೆಗೆ 900, ಒಟ್ಟು 5,760 ಮಿ.ಮೀ., ಹತ್ತಿರ ಹತ್ತಿರ 19 ಅಡಿ. ಯಜಮಾನರು ಮುಂಜಾಗ 230 ಮಾಡಿ, ಕಟ್ಟೆ ಬಿಡಿ, ನಾಲ್ಕೈದು ಅಡಿ ಉಳಿಯುತ್ತದೆ ಎಂದರು. ಮೇಸ್ತ್ರಿ ವಾದ ಮಾಡಲಿಲ್ಲ. "ಹಾಗೆ ಬೇಕಾದರೆ ಬೇರೆಯವರಲ್ಲಿ ಮಾಡಿಸಿ ಅಣ್ಣ, ನಾನು ಮಾಡುವುದಿಲ್ಲ" ಎಂದರು, ಮೆಲ್ಲಗೆ. ಅತ್ತೆ ಒಳಗಿಂದ ಬಂದು ತಮ್ಮ ಕೈ ತೋರಿಸಿದರು. ಕಾರು ಈಗ ಮುಂದಿನ ಅಂಗಳದಲ್ಲಿ ನಿಲ್ಲುತ್ತದೆ.

ಕೆಲಸ ನಡೆದ ರೀತಿಯ ಬಗ್ಗೆ ಹೇಳಬೇಕು. ಮೆಟ್ಟಿಲುಗಳನ್ನು ಹೊರುವ ಬದಿಯ ಎರಡು ಕಬ್ಬಿಣದ ಚಾನೆಲ್‌ಗಳ ಮೇಲೆ ಗುರುತು ಹಾಕುವಾಗ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಅಳೆಯಲಿಲ್ಲ. ಪ್ರತಿ ಸಲವೂ ಬುಡದಿಂದಲೇ ಅಳೆದರು: 179.5, 359, 538.5, 718. ಮೆಟ್ಟಿಲಿನಿಂದ ಮೆಟ್ಟಿಲಿಗೆ ಅಳೆದರೆ ಒಂದೊಂದರಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಇಪ್ಪತ್ತಕ್ಕೆ 10 ಮಿ.ಮೀ. ಆಗುತ್ತದೆ, ಅದು ಹೋಗಿ ಕೊನೆಯ ಏರಿನಲ್ಲಿ ಕೂರುತ್ತದೆ. ಇನ್ನೊಂದು, ಗುರುತು ಹಾಕಿದ್ದು ತುಳಿಯುವ ಪ್ಲೇಟಿನ ಮೇಲ್ಮೈಗೆ. ಪ್ಲೇಟ್ 5 ಮಿ.ಮೀ. ದಪ್ಪ, ಆದ್ದರಿಂದ ಅದನ್ನು ಹೊರುವ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) 5 ಮಿ.ಮೀ. ಕೆಳಗೆ ಬರುತ್ತದೆ. ಎಷ್ಟು ಸಣ್ಣ ವಿಷಯ! ಆದರೆ ಇದನ್ನು ಮರೆತರೆ ಕೆಳಗಿನ ಏರು 5 ಜಾಸ್ತಿ, ಮೇಲಿನದು 5 ಕಡಿಮೆ, ಎರಡಕ್ಕೂ ಮಧ್ಯೆ 10ರ ವ್ಯತ್ಯಾಸ. ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಒಂದು ಸಾಲಿನ ಅತಿ ದೊಡ್ಡ ಏರಿಗೂ ಅತಿ ಸಣ್ಣ ಏರಿಗೂ ಬಿಟ್ಟಿರುವ ವ್ಯತ್ಯಾಸ ಒಂದು ಇಂಚಿನ ಎಂಟನೆಯ ಮೂರು ಭಾಗ, ಅಂದರೆ ಮೂರು ನೂಲು, 9.5 ಮಿ.ಮೀ. ಅಷ್ಟೇ. ಎಲ್ಲ ಮುಗಿದ ಮೇಲೆ ನಾನೇ ಟೇಪ್ ಹಿಡಿದು 20 ಏರನ್ನೂ ಅಳೆದೆ, ಅವರೆದುರೇ. ಅತಿ ಕಡಿಮೆ 178, ಅತಿ ಜಾಸ್ತಿ 181. ಅವರು ಒಂದು ಮಾತೂ ಆಡದೆ ಚಹಾ ಕುಡಿಯುತ್ತಾ ನೋಡುತ್ತಿದ್ದರು.

ಪ್ಲೇಟಿನ ಅಗಲವೇ ಮುಂಜಾಗ ಅಲ್ಲ ಎನ್ನುವುದೂ ನನಗೆ ಹೊಸದು. ಪ್ಲೇಟ್ 290 ಮಿ.ಮೀ. ಅಗಲ ಇದೆ, ಆದರೆ ಮೇಲಿನ ಪ್ಲೇಟಿನ ಮುಂದಿನ ಅಂಚು ಕೆಳಗಿನದರ ಹಿಂದಿನ ಅಂಚಿನ ಮೇಲೆ 20 ಮಿ.ಮೀ. ಬರುತ್ತದೆ. ಅಂಚಿನಿಂದ ಅಂಚಿಗೆ ಅಡ್ಡ ಅಳೆದರೆ 270. ಕೆಲವರು ಕೊಟೇಶನ್‌ನಲ್ಲಿ ಪ್ಲೇಟಿನ ಅಗಲವನ್ನೇ ಬರೆಯುತ್ತಾರೆ, ಕೇಳಿ ನೋಡಿ.

ಮಳೆಗೆ ಇದು ಹೇಗೆ ನಿಂತಿತು? ಪ್ಲೇಟ್ ಚೆಕ್ಕರ್ ಪ್ಲೇಟ್, ಮುಂದಕ್ಕೆ 3 ಮಿ.ಮೀ. ಇಳಿಜಾರು ಕೊಟ್ಟಿದ್ದಾರೆ, ನೀರು ನಿಲ್ಲಲಿಲ್ಲ. ಆದರೆ ಆಗಸ್ಟ್ ಹೊತ್ತಿಗೆ ಗೋಡೆಯ ಬದಿಗೆ ಪಾಚಿ ಹಿಡಿಯಿತು. ಚೆಕ್ಕರ್ ಪ್ಲೇಟಿನ ಉಬ್ಬುಗಳ ಮಧ್ಯೆ ಪಾಚಿ ತುಂಬಿದರೆ ಅದು ನುಣುಪು ನೆಲದಷ್ಟೇ ಜಾರುತ್ತದೆ. ತೆಂಗಿನ ಕಡ್ಡಿ ಹಿಡಿಸೂಡಿ ಹಾಕಿ ಎರಡು ಸಲ ಉಜ್ಜಬೇಕಾಯಿತು. ಸೆಪ್ಟೆಂಬರಿನಲ್ಲಿ ಅವರೇ ಬಂದು ಪ್ರತಿ ಮೆಟ್ಟಿಲಿನ ಮುಂದಿನ ಅಂಚಿಗೆ ಎರಡು ಇಂಚು ಅಗಲಕ್ಕೆ ಹಳದಿ ಪೇಂಟ್ ಬಳಿದು, ಅದು ಹಸಿ ಇರುವಾಗಲೇ ಜರಡಿ ಹಿಡಿದ ಮರಳು ಉದುರಿಸಿದರು. ಈಗ ಹಿಡಿತ ಚೆನ್ನಾಗಿದೆ, ಕತ್ತಲೆಯಲ್ಲಿ ಅಂಚೂ ಕಾಣುತ್ತದೆ. ಇದನ್ನು ಮೊದಲೇ ಮಾಡಿದ್ದರೆ ಒಂದು ಮಳೆಗಾಲ ಉಜ್ಜುವ ಕೆಲಸ ತಪ್ಪುತ್ತಿತ್ತು. ಬುಡವನ್ನು ಇಂಟರ್‌ಲಾಕಿನ ಮೇಲೆ ಸುಮ್ನೆ ಕೂರಿಸದೆ, ಕಲ್ಲು ತೆಗೆದು ಕೆಳಗೆ ಕಾಂಕ್ರೀಟ್ ಹಾಕಿ ಬೋಲ್ಟ್ ಹಿಡಿಸಿದ್ದಾರೆ. ಕಬ್ಬಿಣದ ಬುಡ ನೀರಿನಲ್ಲಿ ನಿಲ್ಲುವುದಿಲ್ಲ.

ತಲೆಯ ಎತ್ತರದ ಲೆಕ್ಕ ನನಗೆ ಅತ್ಯಂತ ಇಷ್ಟವಾದ ಭಾಗ. ನಮ್ಮ ಶೀಟಿನ ಮಾಡು ಬದಿಗೆ ಇಳಿಜಾರಾಗಿ ಬಂದು ಮೆಟ್ಟಿಲಿನ ಮೇಲೆ ಚಾಚಿಕೊಂಡಿದೆ, ಅಲ್ಲಿ ಟೆರೇಸಿನಿಂದ ಅದರ ಎತ್ತರ ಬರೀ 1,850 ಮಿ.ಮೀ. ಯಜಮಾನರ ಹಣೆಗೆ ಎಷ್ಟು ಸಲ ಬಡಿದಿದೆಯೋ. ತಲೆ ಎತ್ತರವನ್ನು ಮೆಟ್ಟಿಲಿನ ಮುಂದಿನ ಅಂಚಿನಿಂದ ನೇರ ಮೇಲಕ್ಕೆ ಅಳೆಯಬೇಕು, ಓರೆಯಾಗಿ ಅಲ್ಲ. ಇಂಗ್ಲೆಂಡಿನಲ್ಲಿ 2,000 ಸಾಕು, ನಮ್ಮ ಕೋಡ್ 2,200 ಕೇಳುತ್ತದೆ. ಒಂದೊಂದು ಮೆಟ್ಟಿಲು ಕೆಳಗೆ ಬಂದ ಹಾಗೆ 179.5 ಸಿಗುತ್ತದೆ. ಟೆರೇಸಿನಲ್ಲಿ 1,850, ಒಂದು ಕೆಳಗೆ 2,029, ಎರಡು ಕೆಳಗೆ 2,209. ಕೋಡಿನ ಲೆಕ್ಕಕ್ಕೆ ಟೆರೇಸಿನ ಅಂಚು ಮತ್ತು ಒಂದು ಮೆಟ್ಟಿಲಿನ ಮೇಲೆ ಶೀಟ್ ಎತ್ತಿದರೆ ಸಾಕಿತ್ತು.

ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. "ಅದು ಬರೀ ತಲೆಯ ಲೆಕ್ಕ ಅಕ್ಕ. ಇಲ್ಲಿ ತಲೆಯ ಮೇಲೆ ಗೋಣಿ ಉಂಟಲ್ಲ?" ಎಂದರು. ಐದೂವರೆ ಅಡಿ ಆಳು, ಅವನ ತಲೆಯ ಮೇಲೆ ಒಂದೂವರೆ ಅಡಿ ಎತ್ತರದ ಹೊರೆ, ಅಲ್ಲಿಗೇ 7 ಅಡಿ, ಹೆಜ್ಜೆ ಏರುವಾಗ ಮೈ ಮೇಲಕ್ಕೆ ಬರುವುದು ಬೇರೆ. ಹಾಗಾಗಿ 8 ಅಡಿ ಇಟ್ಟುಕೊಂಡು ಟೆರೇಸಿನ ಅಂಚಿನಿಂದ ಕೆಳಗೆ ಮೂರು ಮೆಟ್ಟಿಲಿನವರೆಗೂ ಶೀಟ್ ಕತ್ತರಿಸಿ, ಮೇಲೆ ಒಂದು ಸಣ್ಣ ಬೇರೆ ಮಾಡು ಕಟ್ಟಿದರು. ಕೋಡ್ ಪುಸ್ತಕದಲ್ಲಿ ಅಡಿಕೆ ಗೋಣಿ ಇಲ್ಲ. ಈ ಊರಿನಲ್ಲಿ ಮೆಟ್ಟಿಲು ಯಾವುದಕ್ಕೆ ಬಳಕೆ ಆಗುತ್ತದೆ ಅಂತ ನೋಡಿ ಅಳತೆ ಹಾಕುವವರು ಸಿಕ್ಕಿದ್ದು ನಮ್ಮ ಭಾಗ್ಯ.

ಅಗಲ ಕೈಹಿಡಿಗಳ ಮಧ್ಯೆ 900 ಮಿ.ಮೀ., ಮೂರು ಅಡಿ. ಹೊರೆಯವನಿಗೆ ಇದು ಸಾಕು. ಕೈಹಿಡಿ ಎರಡೂ ಬದಿಗೆ, ಮೆಟ್ಟಿಲಿನ ಅಂಚಿನಿಂದ ನೇರ ಮೇಲೆ 900. ಪೈಪ್ ಉರುಟು, 42 ಮಿ.ಮೀ. ದಪ್ಪ, ಅತ್ತೆಯ ಬೆರಳು ಪೂರ್ತಿ ಸುತ್ತು ಹಿಡಿಯುತ್ತದೆ. ಚೆಂದಕ್ಕೆ ಅಂತ ಅಗಲದ ಚೌಕ ಪೈಪ್ ಹಾಕಿಸುವವರು ಒಮ್ಮೆ ಬೀಳುವ ಹಾಗೆ ಆದಾಗ ಅದನ್ನು ಹಿಡಿಯಲು ಆಗುತ್ತದಾ ಅಂತ ಯೋಚಿಸಿ. ಸರಳುಗಳ ಮಧ್ಯೆ 100 ಮಿ.ಮೀ.ಗಿಂತ ಕಡಿಮೆ, ಸಣ್ಣ ಮಗುವಿನ ತಲೆ ತೂರಬಾರದು ಅಂತ. ಮೆಟ್ಟಿಲುಗಳ ಹಿಂದೆ ತೆರೆದ ಜಾಗಕ್ಕೂ ಇದೇ ನಿಯಮ. ಏರು 179.5, ಪ್ಲೇಟಿನ ದಪ್ಪ ಕಳೆದರೂ ಮಗು ನುಸುಳುವಷ್ಟು ಕಂಡಿ ಉಳಿಯುತ್ತದೆ, ಅದಕ್ಕೆ ಹಿಂದೆ ಒಂದು ಪಟ್ಟಿ ಅಡ್ಡ ಕೊಟ್ಟು ಕಂಡಿಯನ್ನು 95ಕ್ಕೆ ಇಳಿಸಿದ್ದಾರೆ. ನಾದಿನಿಯ ಮಗ ಎರಡು ವರ್ಷದವನು, ರಜೆಗೆ ಬಂದಾಗ ಇಡೀ ದಿನ ಅಲ್ಲೇ. ನಾನು ಅಡುಗೆ ಮನೆಯಿಂದ ಓಡಿ ಬರಬೇಕಾಗಿ ಬರಲಿಲ್ಲ.

ಕೊರತೆಗಳೂ ಇವೆ. ಹತ್ತು ದಿನ ಎಂದಿದ್ದರು, ಒಂದು ತಿಂಗಳು ಆಯಿತು. ಮಧ್ಯೆ ಒಂದು ವಾರ ಫೋನ್ ಎತ್ತಲಿಲ್ಲ, ಆ ವಾರ ಹಳೆಯದನ್ನು ತೆಗೆದಾಗಿತ್ತು, ಟೆರೇಸಿನಲ್ಲಿದ್ದ ತೆಂಗಿನಕಾಯಿಗೆ ಏಣಿ ಇಟ್ಟು ಹತ್ತಬೇಕಾಯಿತು. ಸುರಕ್ಷೆಗೆ ಅಂತ ಮಾಡುವ ಕೆಲಸದ ಮಧ್ಯೆ ಹೀಗೆ ಆಗಬಾರದು, ಹಳೆಯದನ್ನು ತೆಗೆಯುವ ದಿನ ಹೊಸದು ತಯಾರಿರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬಿಸಿಲಿನಲ್ಲಿ ಪ್ಲೇಟ್ ಸುಡುತ್ತದೆ, ಮಧ್ಯಾಹ್ನ ಬರಿಗಾಲಲ್ಲಿ ಆಗದು. ದೊಡ್ಡ ಮಳೆ ಬಂದರೆ ಪ್ಲೇಟಿನ ಸದ್ದು ಬದಿಯ ಕೋಣೆಗೆ ಜೋರಾಗಿ ಕೇಳುತ್ತದೆ. ಕೆಳಗಿನ ಎರಡು ಬೆಸುಗೆಯ ಜಾಗದಲ್ಲಿ ತುಕ್ಕು ಹೊರಗೆ ಬಂದಿತ್ತು, ಉಜ್ಜಿ ಮತ್ತೆ ಪ್ರೈಮರ್ ಹೊಡೆದು ಹೋದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಖರ್ಚು ಕಿಲೋ ಲೆಕ್ಕದಲ್ಲಿ. ಶೀಟ್ ಎತ್ತಿದ್ದು, ಕಾಂಕ್ರೀಟ್, ಪೇಂಟ್ ಎಲ್ಲ ಸೇರಿ ನಮಗೆ 1 ಲಕ್ಷ 20 ಸಾವಿರದ ಹತ್ತಿರ ಆಯಿತು, ಹಳೆಯದನ್ನು ಗುಜರಿಗೆ ಕೊಟ್ಟು ಸ್ವಲ್ಪ ಬಂತು. ಬೇರೆ ಒಬ್ಬರು ಇದಕ್ಕಿಂತ 35 ಸಾವಿರ ಕಡಿಮೆಗೆ ಹೇಳಿದ್ದರು, ಆದರೆ ಅವರ ಚೀಟಿಯಲ್ಲಿ ಮೆಟ್ಟಿಲು 17, ಕಟ್ಟೆ ಇಲ್ಲ, ಒಂದು ಬದಿಗೆ ಮಾತ್ರ ಕೈಹಿಡಿ. ಕಬ್ಬಿಣ ಕಡಿಮೆ, ತೂಕ ಕಡಿಮೆ, ರೇಟೂ ಕಡಿಮೆ. ರೇಟ್ ಹೋಲಿಸುವ ಮೊದಲು ಏರು ಎಷ್ಟು, ಮುಂಜಾಗ ಎಷ್ಟು, ಎಷ್ಟು ಮೆಟ್ಟಿಲು ಅಂತ ಎರಡೂ ಕಡೆ ಬರೆಸಿಕೊಳ್ಳಿ. ಬರೆದು ಕೊಡದವರಲ್ಲಿ ಮಾಡಿಸಬೇಡಿ.

ಈ ಸಲ ಅಡಿಕೆ ಇಳಿಸುವಾಗ ನಮ್ಮಲ್ಲಿ ಬಹಳ ವರ್ಷದಿಂದ ಕೆಲಸಕ್ಕೆ ಬರುವ ಅಣ್ಣ ಒಬ್ಬರು ಗೋಣಿ ಹೊತ್ತು ನೇರ ಪಾದ ಇಟ್ಟು ಇಳಿದರು, ನಡುವಿನ ಕಟ್ಟೆಯಲ್ಲಿ ನಿಂತು ಒಮ್ಮೆ ಉಸಿರು ಬಿಟ್ಟರು, ಮತ್ತೆ ಇಳಿದರು. ಅತ್ತೆ ಮೊದಲ ಎರಡು ವಾರ ಟೆರೇಸಿಗೆ ಹೋಗಲೇ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹಪ್ಪಳದ ಚಾಪೆ ಹಿಡಿದುಕೊಂಡು ಮೇಲೆ ಹೋಗಿದ್ದರು. ಈಗ ಕೊನೆಯ ಮೆಟ್ಟಿಲಿನಲ್ಲಿ ನಿಲ್ಲುವುದಿಲ್ಲ, ಕೆಳಗೆ ನೋಡುವುದೂ ಇಲ್ಲ.

ಮಾಡಿಸುವವರಿದ್ದರೆ ನೀರ್ಚಾಲಿನಲ್ಲಿ ಕೇಳಿದರೆ ಶೆಡ್ ತೋರಿಸುತ್ತಾರೆ. ಪತ್ತನಾಜೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ದಿನ) ಕಳೆದ ಮೇಲೆ ಅವರು ಹೊರಗಿನ ಕೆಲಸ ಹಿಡಿಯುವುದಿಲ್ಲ, ಮಳೆಯಲ್ಲಿ ಬೆಸುಗೆಯೂ ಪೇಂಟೂ ಸರಿ ಬರುವುದಿಲ್ಲ ಅಂತ. ಅಳತೆಗೆ ಕರೆಯುವ ಮೊದಲು ಅಂಗಳದ ಇಂಟರ್‌ಲಾಕ್ ಕೆಲಸ ಮುಗಿಸಿಕೊಳ್ಳಿ, ಇಲ್ಲದಿದ್ದರೆ ಅವರು ಬಂದು ನೋಡಿ, ಮುಗಿದ ಮೇಲೆ ಹೇಳಿ ಅಂತ ವಾಪಸು ಹೋಗುತ್ತಾರೆ. ನಮ್ಮ ಪಕ್ಕದ ಮನೆಯವರಿಗೆ ಹಾಗೇ ಆಯಿತು.